ಒಲ್ಲೆನೆಂದ ಗೆಣಸು

ನಾನು ಚಿಕ್ಕವಳಿದ್ದಾಗ, ಖಾನಾಪುರದ ನಮ್ಮ ಓಣಿಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದ ಮನೆ ನಮ್ಮದೊಂದೇ. ಉಳಿದ ಮನೆಗಳಲ್ಲಿ ಒಲೆ ಹೊತ್ತುತ್ತಿದ್ದುದೇ ಆಗ. ಉಳ್ಳಾಗಡ್ಡಿ ಹುರಿಯುವ ವಾಸನೆ, ಬೆಳ್ಳುಳ್ಳಿ ಒಗ್ಗರಣೆಯ ಚುರ್ ಎನ್ನುವ ಸಪ್ಪಳ ನಮ್ಮ ಕಿಟಕಿಯಿಂದ ಒಳಗೆ ಬರುತ್ತಿದ್ದವು. ನಾವು ಬಾಯಿ ಮುಕ್ಕಳಿಸಿ, ಪಾತ್ರೆಗಳನ್ನು ತೊಳೆದು ಬೋರಲು ಹಾಕಿ ಕುಳಿತಿರುತ್ತಿದ್ದೆವು. ಕತ್ತಲಾದ ಮೇಲೆ ನಮ್ಮ ಮನೆಯಲ್ಲಿ ನೀರನ್ನೂ ಕುಡಿಯುವಂತಿರಲಿಲ್ಲ.

ನಾವು ಜೈನರು. ಮೊದಲು ಬೆಳಗಾವಿಯ ಅನಗೋಳದಲ್ಲಿದ್ದೆವು. ಅಲ್ಲಿ ಬಸದಿಯ ಹತ್ತಿರದ ಓಣಿಯ ತುಂಬ ನಮ್ಮವರೇ. ಯಾರ ಮನೆಗೂ ಬಟಾಟೆ, ಗಜ್ಜರಿ, ಉಳ್ಳಾಗಡ್ಡಿ ಬರುತ್ತಿರಲಿಲ್ಲ. ಎಲ್ಲರೂ ಬಿಟ್ಟದ್ದನ್ನೇ ನಾವೂ ಬಿಟ್ಟಿದ್ದರಿಂದ, ಬಿಟ್ಟಿದ್ದೇವೆ ಎನ್ನುವುದೇ ನನಗೆ ತಿಳಿದಿರಲಿಲ್ಲ. ಆಮೇಲೆ ಅರಣ್ಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಖಾನಾಪುರಕ್ಕೆ ವರ್ಗವಾಯಿತು. ಅಕ್ಕ ಹೈಸ್ಕೂಲಿಗೆಂದು ಅನಗೋಳದಲ್ಲಿ ಅತ್ತೆಯ ಮನೆಯಲ್ಲೇ ಉಳಿದಳು. ಅಪ್ಪ, ಅವ್ವ, ಅಜ್ಜಿ ಮತ್ತು ನಾನು ಹೊಸ ಊರಿಗೆ ಬಂದೆವು. ಆಗ ನನಗೆ ಒಂಬತ್ತು ವರ್ಷ. ನನ್ನ ಜಡೆ ಹಾಕುತ್ತಿದ್ದವಳು, ರಾತ್ರಿ ಒಂದೇ ಕೌದಿಯಲ್ಲಿ ಮಲಗಿ ಕತೆ ಹೇಳುತ್ತಿದ್ದವಳು ಅಕ್ಕ. ಖಾನಾಪುರದಲ್ಲಿ ಕೌದಿ ಇಡೀ ನನ್ನದೇ ಆಯಿತು. ಚಳಿ ಮಾತ್ರ ಹೆಚ್ಚಾದಂತೆ ಅನಿಸುತ್ತಿತ್ತು.

ಹೊಸ ಶಾಲೆಯ ಅಂಗಳದಲ್ಲಿ ದೊಡ್ಡದೊಂದು ನೇರಳೆ ಮರವಿತ್ತು. ನಡುವಿನ ಬಿಡುವಿನಲ್ಲಿ ಹುಡುಗಿಯರೆಲ್ಲ ಅದರ ಕೆಳಗೆ ದುಂಡಗೆ ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ಒಬ್ಬಳ ಪಲ್ಯ ಇನ್ನೊಬ್ಬಳ ರೊಟ್ಟಿಗೆ ಹೋಗುತ್ತಿತ್ತು. ಮೊದಲ ದಿನ ನನ್ನನ್ನೂ ಕರೆದರು. ಒಬ್ಬಳು ಬಟಾಟೆ ಪಲ್ಯ ಕೊಟ್ಟಳು, ಒಲ್ಲೆ ಅಂದೆ. ಇನ್ನೊಬ್ಬಳು ಬೆಳ್ಳುಳ್ಳಿ ಚಟ್ನಿ ಕೊಟ್ಟಳು, ಅದನ್ನೂ ಒಲ್ಲೆ ಅಂದೆ. ಯಾಕೆಂದು ಹೇಳಲು ನಾಚಿಕೆಯಾಯಿತು. "ಭಾಳ ದಿಮಾಕ ಐತಿ ಈಕಿಗೆ," ಅಂದಳು ಮೂರನೆಯವಳು. ಮರುದಿನ ಯಾರೂ ಕರೆಯಲಿಲ್ಲ. ನಾನು ಡಬ್ಬಿ ಹಿಡಿದುಕೊಂಡು ಶಾಲೆಯ ಹಿಂದಿನ ಗೋಡೆಯ ಕಡೆ ಹೋದೆ.

ಅಲ್ಲಿ ಮೊದಲೇ ಒಬ್ಬಳು ಕುಳಿತಿದ್ದಳು. ನನ್ನದೇ ತರಗತಿಯವಳು. ಅವಳ ಮನೆ ಮಲಪ್ರಭಾ ನದಿಯ ಆಚೆ, ಹಂಚಿನ ಭಟ್ಟಿಯ ಹಿಂದಿನ ಓಣಿಯಲ್ಲಿತ್ತು. ಅವಳ ಅಪ್ಪ ಭಟ್ಟಿಯಲ್ಲಿ ಮಣ್ಣು ತುಳಿಯುವ ಕೆಲಸ ಮಾಡುತ್ತಿದ್ದರು. ಆ ಓಣಿಯವರು ಮುಟ್ಟಿದ್ದನ್ನು ಊರಿನ ಉಳಿದವರು ತಿನ್ನುತ್ತಿರಲಿಲ್ಲ, ಅವರ ಮನೆಯ ನೀರು ಕುಡಿಯುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಿದ್ದರು. ಹೇಳಲು ಅವರ ಹತ್ತಿರ ನ್ಯಾಯವಾದ ಕಾರಣ ಒಂದೂ ಇರಲಿಲ್ಲ.

ಮೊದಲು ನಾವಿಬ್ಬರೂ ಗೋಡೆಯ ಎರಡು ತುದಿಗೆ ಕುಳಿತೆವು. ದಿನ ಕಳೆದಂತೆ ನಡುವಿನ ಜಾಗ ಕಡಿಮೆಯಾಯಿತು. ಅವಳ ಮನೆಮಾತು ಮರಾಠಿ. ಅವಳು ನನಗೆ ಮರಾಠಿ ಎಣಿಕೆ ಕಲಿಸಿದಳು, ನಾನು ಅವಳ ಕನ್ನಡ ಕಾಗುಣಿತ ತಿದ್ದಿದೆ. ಹಿಡಿಯಷ್ಟು ಹಂಚಿನ ಚೂರು ತಂದು, ಮೇಲೆ ತೂರಿ ಅಂಗೈಯಲ್ಲಿ ಹಿಡಿಯುವ ಗಜಗದ ಆಟ ತೋರಿಸಿದಳು. ಆದರೆ ಊಟಕ್ಕೆ ಕುಳಿತಾಗ ಅವಳು ನನ್ನ ಡಬ್ಬಿಯ ಕಡೆ ನೋಡುತ್ತಿರಲಿಲ್ಲ, ನಾನೂ ಅವಳ ಗಂಟಿನ ಕಡೆ ನೋಡುತ್ತಿರಲಿಲ್ಲ. ನಮ್ಮ ಮನೆಯ ಪದ್ಧತಿ ಅವಳಿಗೆ ಗೊತ್ತಿದೆ ಎಂದು ನಾನು ತಿಳಿದಿದ್ದೆ. ನಾನು ಅವಳಿಗೆ ಅದನ್ನು ಹೇಳಿಯೇ ಇರಲಿಲ್ಲ ಎನ್ನುವುದು ನನಗೆ ಹೊಳೆದಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ. ಬೆಳಗಿನ ಶಾಲೆ. ಮಂಜು ಇನ್ನೂ ಹುಲ್ಲಿನ ಮೇಲಿತ್ತು. ಅವಳು ಅಂದು ಬಹಳ ಖುಷಿಯಲ್ಲಿದ್ದಳು. ಬಿಡುವಿನಲ್ಲಿ ಸಾಗವಾನಿ ಎಲೆಯ ಪೊಟ್ಟಣ ಬಿಚ್ಚಿದಳು. ಒಳಗೆ ಕುದಿಸಿದ ಗೆಣಸು, ಇನ್ನೂ ಬಿಸಿಯಾಗಿತ್ತು. ಸಿಪ್ಪೆ ಕೆಂಪಗೆ ಬಿರಿದು ಒಳಗಿನ ಹಳದಿ ಕಾಣುತ್ತಿತ್ತು. ಬೆಲ್ಲದಂಥ ವಾಸನೆ.

"ನಮ್ಮ ಹಿತ್ತಲದ್ದು. ನಾನ ಬಳ್ಳಿ ಹಚ್ಚಿದ್ದೆ, ನಾನ ಅಗದೀನಿ," ಅಂದಳು. ಎಲ್ಲಕ್ಕಿಂತ ದಪ್ಪನೆಯ ಗೆಣಸನ್ನು ಆರಿಸಿ, ಸಿಪ್ಪೆ ತೆಗೆದು, ನನ್ನ ಕಡೆ ಚಾಚಿದಳು. "ತಗೋ."

ಅವಳು ನನಗೆ ತಿನ್ನಲು ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಗೆಣಸು ನೆಲದೊಳಗಿನ ಗಡ್ಡೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾನು ಯೋಚಿಸಲೂ ಇಲ್ಲ, ನನ್ನ ಕೈ ತಾನೇ ಹಿಂದಕ್ಕೆ ಹೋಯಿತು. "ಒಲ್ಲೆ," ಅಂದೆ.

ಅವಳ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಅವಳು ನನ್ನನ್ನು ನೋಡಲಿಲ್ಲ, ತನ್ನ ಕೈಯನ್ನೇ ನೋಡಿಕೊಂಡಳು. ಬೆರಳ ಸಂದಿಯಲ್ಲಿ ಮಣ್ಣೇನಾದರೂ ಉಳಿದಿದೆಯೇ ಎಂದು ಹುಡುಕುವಂತೆ. ಆಮೇಲೆ ಗೆಣಸನ್ನು ಎಲೆಯಲ್ಲಿಟ್ಟು ಮಡಚಿದಳು.

"ನೀನೂ ಅಷ್ಟ," ಅಂದಳು.

ಅಷ್ಟರಲ್ಲಿ ನೀರು ಕುಡಿಯಲು ಆ ಕಡೆ ಬಂದಿದ್ದ ಇಬ್ಬರು ಹುಡುಗಿಯರು ಇದನ್ನು ಕಂಡರು. "ಅಕಿ ಕೈದು ಯಾರ ತಿಂತಾರ?" ಎಂದು ಒಬ್ಬಳು ನಕ್ಕಳು. ನನಗೆ ಆಗ ಅರ್ಥವಾಯಿತು. 'ಹಾಗಲ್ಲ, ನಮ್ಮ ಮನೆಯಲ್ಲಿ ಗಡ್ಡೆ ತಿನ್ನುವುದಿಲ್ಲ' ಎಂದು ಹೇಳಬೇಕಿತ್ತು. ನಾಲ್ಕೇ ಮಾತು. ನನ್ನ ನಾಲಿಗೆ ಏಳಲಿಲ್ಲ. ಗೆಳತಿ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಎದ್ದು ಹೋದಳು. ಬಿಡುವು ಮುಗಿದ ಗಂಟೆ ಹೊಡೆಯಿತು, ಅವಳು ತರಗತಿಗೆ ಬರಲಿಲ್ಲ.

ಮನೆಗೆ ಹೋಗಿ ಊಟದ ತಟ್ಟೆಯನ್ನು ಹಾಗೆಯೇ ಸರಿಸಿದೆ. ಅವ್ವ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಸುಮ್ಮನಾದಳು. ಅಜ್ಜಿ ಪಡಸಾಲೆಯಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ನಾನು ಹತ್ತಿರ ಹೋಗಿ ಕುಳಿತೆ.

"ಅಜ್ಜಿ, ನಾವು ಗೆಣಸ ಯಾಕ ತಿನ್ನೂದಿಲ್ಲ?"

ಅಜ್ಜಿ ಮೊರದಿಂದ ಕಣ್ಣೆತ್ತದೆ ಹೇಳಿದಳು: "ಗಡ್ಡಿ ಕಿತ್ತರ ಇಡೀ ಬಳ್ಳಿನ ಸಾಯ್ತದ. ಅದರಾಗ, ಅದರ ಸುತ್ತಿನ ಮಣ್ಣಾಗ ಕಣ್ಣಿಗೆ ಕಾಣದಷ್ಟು ಸಣ್ಣ ಜೀವ ಇರ್ತಾವ. ನಮ್ಮ ಬಾಯಿ ಸಲುವಾಗಿ ಯಾವ ಜೀವಕ್ಕೂ ನೋವು ಆಗಬಾರದವಾ. ಅದಕ್ಕ."

ಯಾವ ಜೀವಕ್ಕೂ. ನನಗೆ ಗೆಳತಿಯ ಬೆರಳುಗಳು ಕಣ್ಣಿಗೆ ಕಟ್ಟಿದವು.

ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ, ಅವ್ವ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿರುವಾಗ, ನಾನು ಯಾರಿಗೂ ಹೇಳದೆ ಹೊರಟೆ. ಒಬ್ಬಳೇ ನದಿ ದಾಟಿದ್ದು ಅದೇ ಮೊದಲು. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು, ಕೆಳಗೆ ನೀರು ಕಲ್ಲುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಆಚೆ ದಡದಲ್ಲಿ ಯಾವ ದಾರಿ ಹಿಡಿಯಬೇಕೆಂದು ಗೊತ್ತಾಗದೆ ಎರಡು ಸಲ ತಪ್ಪಿದೆ. ಕಟ್ಟಿಗೆ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದೆ. ಆಕೆ ಮರಾಠಿಯಲ್ಲಿ ಏನೋ ಹೇಳಿ, ಭಟ್ಟಿಯ ಹೊಗೆಯ ಕಡೆ ಗದ್ದ ಎತ್ತಿ ತೋರಿಸಿದಳು. ಹೊಗೆ ನೋಡುತ್ತ ನಡೆದೆ. ದಾರಿಯೆಲ್ಲ ಒಡೆದ ಹಂಚಿನ ಚೂರು, ಕಾಲಿಗೆ ಚುಚ್ಚುತ್ತಿದ್ದವು. ಗೆಳತಿಯ ಓಣಿ ಸಿಕ್ಕಾಗ ಬಿಸಿಲು ಹಳದಿಯಾಗಿತ್ತು.

ಅವಳು ಅಂಗಳದಲ್ಲಿ ಕೋಳಿ ಅಟ್ಟುತ್ತ ನಿಂತಿದ್ದಳು. ನನ್ನನ್ನು ಕಂಡವಳೇ ಒಳಗೆ ಹೋಗಿಬಿಟ್ಟಳು. ಅವಳ ತಾಯಿ ಹೊರಗೆ ಬಂದರು. ಅವಳು ತಾಯಿಯನ್ನು ಆಯಿ ಎನ್ನುತ್ತಿದ್ದಳು, ನಾನೂ ಹಾಗೆಯೇ ಕರೆದೆ.

"ಆಯಿ, ನಾ ಜೈನರಾಕಿ. ನಮ್ಮ ಮನ್ಯಾಗ ಯಾರೂ ಗೆಣಸ ತಿನ್ನೂದಿಲ್ಲ. ಬಟಾಟಿ ತಿನ್ನೂದಿಲ್ಲ, ಗಜ್ಜರಿ ತಿನ್ನೂದಿಲ್ಲ. ಯಾರ ಕೊಟ್ಟರೂ ತಿನ್ನೂದಿಲ್ಲ. ಅಕಿ ಕೊಟ್ಟಾಳ ಅಂತ ಒಲ್ಲೆ ಅನ್ನಲಿಲ್ಲ."

ಒಂದೇ ಉಸಿರಿಗೆ ಹೇಳಿದೆ. ಹೇಳುವಾಗ ಅಳು ಬಂತು. "ಕುಂದರ ಬಾಳಾ," ಎಂದು ಆಯಿ ಸ್ವಂತ ಮಗುವನ್ನು ಕರೆದಂತೆ ಕರೆದು, ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿದರು. ಬಾಗಿಲ ಕಡೆ ತಿರುಗಿ ಮರಾಠಿಯಲ್ಲಿ ಮಗಳಿಗೆ ಅದನ್ನೇ ಹೇಳಿದರು. ಕೋಳಿಗಳು ಒಂದೊಂದಾಗಿ ಬುಟ್ಟಿಯ ಕೆಳಗೆ ಸೇರಿದವು. ನಾನು ಕಾಯುತ್ತ ಕುಳಿತೆ.

ಕೊನೆಗೆ ಅವಳು ಬಾಗಿಲಿಗೆ ಬಂದಳು. ಕೈಯಲ್ಲಿ ಹಿತ್ತಾಳೆಯ ತಂಬಿಗೆ ಇತ್ತು.

"ಹಂಗಿದ್ದರ ನೀರ ಕುಡಿ," ಅಂದಳು.

ನಾನು ಆಕಾಶ ನೋಡಿದೆ. ಭಟ್ಟಿಯ ಆಚೆ ಗುಡ್ಡದ ಹಿಂದೆ ಸೂರ್ಯ ಇಳಿದಾಗಿತ್ತು. ಮೇಲೆ ಕೆಂಪು ಮಾತ್ರ ಉಳಿದಿತ್ತು. 'ಹೊತ್ತು ಮುಳುಗಿದ ಮೇಲೆ ನಾವು ನೀರು ಕುಡಿಯುವುದಿಲ್ಲ' ಎಂದರೆ ಅದೂ ಸುಳ್ಳಾಗುತ್ತಿರಲಿಲ್ಲ. ಆದರೆ ಒಂದು ನಿಜವನ್ನು ಹೇಳಲು ಅಷ್ಟು ದೂರ ಬಂದ ನಾನು, ಅದರ ಬೆನ್ನಿಗೇ ಇನ್ನೊಂದು ನಿಜ ಹೇಳಿದರೆ ಅವಳು ಹೇಗೆ ನಂಬಬೇಕು? ಅವಳು ತಂಬಿಗೆ ಹಿಡಿದೇ ಇದ್ದಳು. ಈ ಸಲ ಕೈ ಪೂರ್ತಿ ಚಾಚಿರಲಿಲ್ಲ, ಮೈಗೆ ಹತ್ತಿರವೇ ಇಟ್ಟುಕೊಂಡಿದ್ದಳು.

ನಾನು ಎದ್ದು ಹೋಗಿ ತಂಬಿಗೆ ತೆಗೆದುಕೊಂಡೆ. ಮಣ್ಣಿನ ಕೊಡದ ತಣ್ಣನೆಯ ನೀರು. ಸ್ವಲ್ಪ ಹೊಗೆಯ ರುಚಿ ಇತ್ತು. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು, ನೀರು ನಿಜವಾಗಿ ಇಳಿಯುತ್ತಿದೆಯೇ ಎಂದು. ನಾನು ಒಂದು ಹನಿ ಬಿಡದೆ ಕುಡಿದೆ.

ತಂಬಿಗೆ ಕೆಳಗಿಳಿಸಿದಾಗ ಅಂಗಳದ ತುದಿಯಲ್ಲಿ ಅಪ್ಪ ಸೈಕಲ್ ಹಿಡಿದು ನಿಂತಿದ್ದರು. ಕಟ್ಟಿಗೆಯ ಹೆಂಗಸು ಅವರಿಗೂ ದಾರಿ ತೋರಿಸಿದ್ದಳಂತೆ. ಆಯಿ ಸೆರಗು ಸರಿಪಡಿಸಿಕೊಂಡು ದೂರ ಸರಿದು ನಿಂತರು. ಅಪ್ಪನಿಗೆ ಕುಳಿತುಕೊಳ್ಳಿರಿ ಎಂದು ಅವರು ಅನ್ನಲಿಲ್ಲ. ಅಪ್ಪನೂ ಅಂಗಳದೊಳಗೆ ಕಾಲಿಡಲಿಲ್ಲ. "ನಡಿ," ಎಂದರು, ಅಷ್ಟೇ. ಸೇತುವೆಯ ಈಚೆ ಬಂದ ಮೇಲೆ, "ಹೇಳಿ ಹೋಗಬೇಕಿತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಕುಳಿತಿದ್ದಳು.

"ಏನರ ತಿಂದೇನು?"

"ನೀರ ಕುಡದೆ. ಹೊತ್ತು ಮುಳುಗಿತ್ತು."

ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಜಪದ ಮಣಿ ಎಣಿಸುವುದನ್ನು ನಿಲ್ಲಿಸಿ ಕೇಳಿದಳು. ಕೊನೆಗೆ, "ನಾಳಿ ಮಧ್ಯಾಹ್ನದ ತನಕ ಏನೂ ತಿನಬ್ಯಾಡ. ವ್ರತ ತಪ್ಪಿದ್ದಕ್ಕ ಅಷ್ಟು ಮಾಡು," ಅಂದಳು.

ಮರುದಿನ ಬೆಳಿಗ್ಗೆ ಅವ್ವ ಅವಲಕ್ಕಿ ತಂದಿಟ್ಟರೆ ಅಜ್ಜಿಯೂ ತಟ್ಟೆ ಸರಿಸಿದಳು. ನೀನ್ಯಾಕೆ ತಿನ್ನುವುದಿಲ್ಲ ಎಂದು ಕೇಳಿದೆ.

"ನೀ ಕೇಳಿದಾಗ ನಾ ಅರ್ಧಾನ ಹೇಳಿದ್ದೆ," ಅಂದಳು. "ಗಡ್ಡಿ ಒಳಗಿನ ಜೀವದ್ದು ಹೇಳಿದೆ. ಗಡ್ಡಿ ಕೊಟ್ಟಾಕಿದು ಹೇಳಲಿಲ್ಲ."

ನಾವಿಬ್ಬರೂ ಪಡಸಾಲೆಯಲ್ಲಿ ಹಸಿದುಕೊಂಡೇ ಕುಳಿತು ಹೆಸರುಕಾಳು ಆರಿಸಿದೆವು.

ಸೋಮವಾರ ಗೆಳತಿ ಶಾಲೆಗೆ ಬಂದಳು. ಗೋಡೆಯ ಹತ್ತಿರ ನನ್ನ ಪಕ್ಕಕ್ಕೇ ಕುಳಿತಳು. ನಾನು ನನ್ನ ಚಪಾತಿಯನ್ನು ಅರ್ಧ ಹರಿದು ಕೊಟ್ಟೆ. ಅವಳು ತೆಗೆದುಕೊಂಡು ನಿಧಾನವಾಗಿ ತಿಂದಳು. ಆ ವರ್ಷವೆಲ್ಲ ನಾವು ಹಾಗೆಯೇ ಇದ್ದೆವು, ಗಜಗ ಆಡಿದೆವು, ನಕ್ಕೆವು. ಆದರೆ ಅವಳು ಮತ್ತೆಂದೂ ನನಗೆ ತಿನ್ನಲು ಏನನ್ನೂ ಕೊಡಲಿಲ್ಲ. ಪೇರಲ ಹಣ್ಣು ತಂದ ದಿನ ಕೂಡ, ನಾನು ತಿನ್ನುತ್ತೇನೆಂದು ಗೊತ್ತಿದ್ದೂ, ನಡುವೆ ಇಟ್ಟು ಬೇರೆ ಕಡೆ ನೋಡುತ್ತಿದ್ದಳು. ಬೇಕಾದರೆ ನಾನೇ ತೆಗೆದುಕೊಳ್ಳಬೇಕಿತ್ತು. ಮುಂದಿನ ವರ್ಷ ಅವಳ ಅಪ್ಪ ಬೇರೆ ಊರಿನ ಭಟ್ಟಿಗೆ ಹೋದರು. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಈಗ ನಾನು ಬೆಳಗಾವಿಯ ನೆಹರು ನಗರದಲ್ಲಿ, ಮಗನ ಮನೆಯಲ್ಲಿದ್ದೇನೆ. ನನ್ನ ಮೊಮ್ಮಕ್ಕಳ ಕಾಲದಲ್ಲಿ 'ಒಲ್ಲೆ' ಎನ್ನುವುದು ಬಹಳ ಸುಲಭ. ಮೊಮ್ಮಗ ಬದನೆಕಾಯಿ ಮುಟ್ಟುವುದಿಲ್ಲ, ಬೀಜ ಕಣ್ಣಿನಂತೆ ಕಾಣುತ್ತವಂತೆ. ಸೊಸೆ ಅನ್ನ ಬಿಟ್ಟಿದ್ದಾಳೆ, ಮಗ ಸಕ್ಕರೆ ಬಿಟ್ಟಿದ್ದಾನೆ. ಹೋಟೆಲಿನಿಂದ ತರಿಸಿದರೆ ನನ್ನ ಡಬ್ಬಿಯ ಮೇಲೆ 'ಜೈನ್' ಎಂದು ಚೀಟಿ ಅಂಟಿಸಿಯೇ ಬರುತ್ತದೆ. ಯಾರೂ ನಗುವುದಿಲ್ಲ, ಯಾರೂ ದಿಮಾಕು ಎನ್ನುವುದಿಲ್ಲ. ಹಾಗೆಯೇ, ಯಾಕೆ ಎಂದು ಯಾರೂ ಕೇಳುವುದೂ ಇಲ್ಲ. ಒಬ್ಬೊಬ್ಬರು ಒಂದೊಂದು ಡಬ್ಬಿ ಹಿಡಿದು ತಮ್ಮ ತಮ್ಮ ಕೋಣೆಗೆ ಹೋಗುತ್ತಾರೆ.

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಅವಳ ತರಗತಿಯ ಮಕ್ಕಳು ಬಂದಿದ್ದರು. ಎಲ್ಲರೂ ಕೇಕಿನ ಸುತ್ತ ಗದ್ದಲ ಹಾಕುತ್ತಿರುವಾಗ ಒಬ್ಬ ಹುಡುಗಿ ಕಿಟಕಿಯ ಪಕ್ಕ ತಟ್ಟೆ ಮುಟ್ಟದೆ ಕುಳಿತಿದ್ದಳು. "ನನಗ ಬ್ಯಾಡ," ಎಂದಿದ್ದಳಂತೆ, ಮಕ್ಕಳು ಸರಿ ಎಂದು ಬಿಟ್ಟಿದ್ದರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಯಾಕೆಂದು ಕೇಳಿದ್ದಕ್ಕೆ ಅವಳು ನನ್ನ ಕಿವಿಯಲ್ಲಿ ಹೇಳಿದಳು. ಅವಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಏನಾದರೂ ತಿನ್ನುವ ಮೊದಲು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕು. ಎಲ್ಲರೂ ನೋಡುತ್ತಾರೆ ಎಂದು ಅವಳು ಹಸಿದೇ ಕುಳಿತಿದ್ದಳು. ಅವಳನ್ನು ನನ್ನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ. ಸೂಜಿ ಅವಳೇ ಹಾಕಿಕೊಂಡಳು, ನನಗಿಂತ ಗಟ್ಟಿ ಕೈ. ಆಮೇಲೆ ಹೊರಗೆ ಹೋಗಿ ತಿಂದಳು.

ಎಲ್ಲರೂ ಹೋದ ಮೇಲೆ ಮೊಮ್ಮಗಳು ಬಂದು, "ಅಜ್ಜಿ, ಅಕಿ ಮೊದಲ ಯಾಕ ಒಲ್ಲೆ ಅಂದಳು?" ಎಂದು ಕೇಳಿದಳು.

"ಅಕಿನ್ನ ಕೇಳು," ಅಂದೆ.

ಅವಳು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದಳು. ಆ ಮಾತುಕತೆ ಬಹಳ ಹೊತ್ತು ನಡೆಯಿತು. ನಾನು ಒಳಗೆ ಒಬ್ಬಳೇ ಕುಳಿತು ಅವಳ ದನಿ ಕೇಳುತ್ತಿದ್ದೆ.