ಬೂಬಮ್ಮನ ಮಾವಿನ ತೋಟ

ನಿಜಾಮರ ಕಾಲದಲ್ಲಿ ತಾಂಡೂರಿನ ನಮ್ಮ ನೆರೆಮನೆಯ ಬೂಬಮ್ಮ ಮಾವಿನಹಣ್ಣು ಸಿಕ್ಕರೆ ಮೊದಲು ತೊಟ್ಟು ಮೂಸುತ್ತಿದ್ದಳು. ಜಹೀರಾಬಾದಿನ ಆಕೆಯ ತವರಿನಲ್ಲಿ ಮಾವಿನ ತೋಟವಿತ್ತು. ತಂದೆ ತೀರಿದಾಗ, "ಮದುವ್ಯಾಗ ಬಂಗಾರ, ಭಾಂಡಿ ಎಲ್ಲಾ ಜಹೇಜ್ ಕೊಟ್ಟಾರ, ನನ್ನ ಪಾಲು ಮುಗೀತ್ರಿ" ಎಂದಳಂತೆ.

"ಜಹೇಜ್ ಬ್ಯಾರೆ, ಪಾಲು ಬ್ಯಾರೆ. ಅಣ್ಣನ ಪಾಲಿನ ಅರ್ಧದಷ್ಟು ನಿಮಗ ಬರ್ತದ" ಎಂದು ಖಾಜಿಯವರು ತಿಳಿಹೇಳಿದರೂ ಆಕೆ ಒಪ್ಪಲಿಲ್ಲ. "ಪಾಲು ಕೇಳಿದ್ರ ತವರ ಬಾಗಿಲು ಮುಚ್ತದವ್ವ" ಎಂದು ನನಗೂ ಹೇಳುತ್ತಿದ್ದಳು.

ಅಣ್ಣ ಇರುವ ತನಕ ಪ್ರತಿ ಬೇಸಿಗೆಗೆ ಹಣ್ಣಿನ ಬುಟ್ಟಿ ಬಂತು. ಅವನು ಹೋದಮೇಲೆ ಅವನ ಮಕ್ಕಳು ತೋಟ ಮಾರಿದರು. ಆಕೆಗೆ ಸುದ್ದಿಯನ್ನೂ ಕಳಿಸಲಿಲ್ಲ.

ಆ ಬೇಸಿಗೆ ಸಂತೆಯಲ್ಲಿ ಒಂದು ಹಣ್ಣಿನ ತೊಟ್ಟು ಮೂಸಿ, ಜೊತೆಗಿದ್ದ ನನ್ನ ಕಡೆ ತಿರುಗಿದಳು. "ನಮ್ಮ ಗಿಡದ್ದವ್ವ" ಎಂದಳು.

"ಎಷ್ಟು ಕೊಡ್ಲಿ ಬೂಬಮ್ಮ?" ಎಂದು ಮಾರುವವನು ಕೇಳಿದ.

ಆಕೆ ಹಣ್ಣನ್ನು ಸೆರಗಿನಿಂದ ಒರೆಸಿ, ಮತ್ತೆ ಅವನ ಬುಟ್ಟಿಯಲ್ಲೇ ಇಟ್ಟಳು.