ಪಟ್ಟಿಯ ಕೊನೆಯ ಸಾಲು

ಬೆಳಿಗ್ಗೆ ಹನ್ನೊಂದೂ ಕಾಲು. ಗಂಗಾವತಿಯ ಕಂಪ್ಯೂಟರ್ ಅಂಗಡಿಯೊಂದರ ಗೋಡೆ ಗಡಿಯಾರದಲ್ಲಿ ನಾನು ಆ ಹೊತ್ತನ್ನು ನೋಡಿದ್ದು ಕುಷ್ಟಗಿಯ ಬಸ್ಸು ತಪ್ಪೀತೆಂಬ ಅವಸರದಲ್ಲಿ. ನೋಡಿದವನೇ ಕೈಯಲ್ಲಿದ್ದ ಪೆನ್ನಿನಿಂದ ಪಟ್ಟಿಯ ಕೊನೆಯ ಸಾಲನ್ನು ಹೊಡೆದುಹಾಕಿದೆ. ಅವಘಡ ಆದದ್ದು ಅದಾಗಿ ಎರಡು ತಿಂಗಳಿಗೆ, ಒಂದು ಸೋಮವಾರ ಮಧ್ಯಾಹ್ನ. ಕೇಳಿದವರಿಗೆಲ್ಲ ಸೋಮವಾರದಿಂದಲೇ ಹೇಳುತ್ತ ಬಂದಿದ್ದೇನೆ. ನನಗೆ ನಾನೇ ಹೇಳಿಕೊಳ್ಳುವಾಗ ಮಾತ್ರ ಅದು ಹನ್ನೊಂದೂ ಕಾಲಿಗೇ ಶುರುವಾಗುತ್ತದೆ.

ಪಟ್ಟಿ ನನ್ನ ಹೆಂಡತಿ ಬರೆದದ್ದು. ಅವಳ ತವರು ಗಂಗಾವತಿ. ಅವಳು ಕಾಲೇಜಿನಲ್ಲಿದ್ದಾಗ ಊರಿಗೊಂದೆರಡು ಸೈಬರ್ ಕೆಫೆಗಳು ಇನ್ನೂ ನಡೆಯುತ್ತಿದ್ದವು. ಅವಳ ಸೋದರಮಾವನದೂ ಅಂಥದೊಂದು ಕೆಫೆ. ಕಾಲೇಜು ಬಿಟ್ಟಮೇಲೆ ಅಲ್ಲಿ ಕೂತು ಅವಳು ಕಾರಿನ ರೇಸು ಆಡುತ್ತಿದ್ದಳು. ಅವಳ ಜೊತೆ ಆಡಿ ಗೆದ್ದ ಹುಡುಗರು ಯಾರೂ ಇಲ್ಲ ಎಂದು ಅವಳ ಮಾವನೇ ಮದುವೆಯಲ್ಲಿ ನನ್ನನ್ನು ಎಚ್ಚರಿಸಿದ್ದ. ಮದುವೆಯಾಗಿ ಕುಷ್ಟಗಿಗೆ ಬಂದಮೇಲೆ ಇಲ್ಲಿನ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಓದಿದ್ದು ಬಿ.ಎಸ್ಸಿ., ಅದರಲ್ಲೂ ಭೌತಶಾಸ್ತ್ರ. ಇದನ್ನು ಈಗಲೇ ಹೇಳಿಬಿಡಬೇಕು.

ಮದುವೆಯ ಎರಡನೇ ವರ್ಷ, ಏನು ಬೇಕು ಕೇಳು ಎಂದಿದ್ದೆ. ಇಳಕಲ್ ಸೀರೆ ಕೇಳುತ್ತಾಳೆ ಎಂದುಕೊಂಡಿದ್ದೆ.

"ಒಂದು ಛಲೋ ಗೇಮಿಂಗ್ ಕಂಪ್ಯೂಟರ್ ಬೇಕ್ರಿ. ಜೋಡಿಸಿದ್ದಲ್ಲ. ಸಾಮಾನು ತಂದು ನಾನ ಜೋಡಸ್ತೀನಿ," ಎಂದಳು.

"ಸೀರಿ ಬ್ಯಾಡೇನು?"

"ಸೀರಿ ಉಟ್ಟಗೊಂಡ ಆಡ್ತೀನಿ ತಗೋರಿ."

ಆ ಚಳಿಗಾಲದ ಸಂಜೆಗಳೆಲ್ಲ ಅದರಲ್ಲೇ ಕಳೆದವು. ಉಳಿದ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಅವಳು ಪಟ್ಟಿ ಬರೆಯುವಳು, ಹರಿಯುವಳು, ಮತ್ತೆ ಬರೆಯುವಳು. ಪ್ರೊಸೆಸರ್ ಒಂದು ಮೆಟ್ಟಿಲು ಮೇಲಿನದಾದರೆ ಅದಕ್ಕೆ ಹೊಂದುವ ಮದರ್‌ಬೋರ್ಡ್ ಬೇರೆ. ರ‍್ಯಾಮ್ ಈಗ ಒಂದೇ ಸಾಕು, ಆದರೆ ಮುಂದೆ ಇನ್ನೊಂದಕ್ಕೆ ಜಾಗ ಇರಬೇಕು. ಚಿತ್ರವನ್ನು ಸರಾಗವಾಗಿ ಓಡಿಸುವ ಗ್ರಾಫಿಕ್ಸ್ ಕಾರ್ಡಿನ ಹೆಸರು ಬಂದಾಗಲೆಲ್ಲ ಅವಳ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು. ಎತ್ತಿಟ್ಟ ಹಣ ಇಷ್ಟೇ ಎಂದು ಇತ್ತು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಮೊದಮೊದಲು ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಬರಬರುತ್ತ ನನಗೇ ಹುಚ್ಚು ಹಿಡಿಯಿತು. ಶಾಲೆಯಲ್ಲಿ ಪಾಠದ ನಡುವೆಯೂ ಕಾರ್ಡುಗಳ ನಂಬರು ನೆನಪಾಗುತ್ತಿತ್ತು. ಅವಳು ದರದಲ್ಲಿ ಮಧ್ಯಮವಾದದ್ದನ್ನು ಆರಿಸಿದ್ದಳು. ಅದರ ಮೇಲಿನದನ್ನು ತಂದು ಅವಳ ಮುಖ ನೋಡಬೇಕೆಂದು ನನ್ನ ಆಸೆ.

ಪಟ್ಟಿಯ ಕೊನೆಯಲ್ಲಿ ಅವಳು ಯಾವ ಅಂಗಡಿಯಲ್ಲೂ ಸಿಗದ ಒಂದು ವಸ್ತುವನ್ನು ಬರೆದಿದ್ದಳು: ಅರ್ತಿಂಗ್, ಹೊಸ ಗುಂಡಿ.

ನಮ್ಮ ಓಣಿಯಲ್ಲಿ ಕರೆಂಟು ಬಳಸುವ ಕ್ರಮವೇ ಬೇರೆಯಾಗಿತ್ತು. ಬೇಸಿಗೆ ಬಂತೆಂದರೆ ವೋಲ್ಟೇಜ್ ಬೀಳುತ್ತಿತ್ತು, ಟ್ಯೂಬ್‌ಲೈಟು ಮಿಣುಕುತ್ತಿತ್ತು. ಕರೆಂಟು ಮನೆಗೆ ಒಂದು ತಂತಿಯಲ್ಲಿ ಬಂದು ಇನ್ನೊಂದರಲ್ಲಿ ಮರಳಬೇಕಷ್ಟೆ. ಮರಳುವ ತಂತಿ ಸೊರಗಿದ್ದರಿಂದ ಜನ ಅದನ್ನು ಬಿಟ್ಟು, ಸೋರಿದ ಕರೆಂಟು ಮಾತ್ರ ಇಳಿಯಲೆಂದು ಹಿತ್ತಲಿನಲ್ಲಿ ತೋಡಿದ ಅರ್ತಿಂಗ್ ಗುಂಡಿಯ ಮೂಲಕ ಎಲ್ಲ ಕರೆಂಟನ್ನೂ ನೆಲಕ್ಕೇ ಇಳಿಸುತ್ತಿದ್ದರು. ದೀಪ ಝಗ್ ಎನ್ನುತ್ತಿತ್ತು. ಗುಂಡಿಯಲ್ಲಿ ಕಬ್ಬಿಣದ ಪೈಪು, ಇದ್ದಲಿ, ಉಪ್ಪು. ಅದು ಒಣಗಬಾರದು. ನಮ್ಮ ಮನೆಯ ಮಾಲಕಿ ಪಕ್ಕದಲ್ಲೇ ಇದ್ದ ಮುದುಕಿ, ನಾವು ಆಯಿ ಎನ್ನುತ್ತಿದ್ದೆವು. ಆಕೆ ದಿನಾ ಅರಿವೆ ಒಗೆದಾದ ಮೇಲೆ ಒಂದು ಕೊಡ ನೀರನ್ನು ಎರಡೂ ಮನೆಗೆ ಸೇರಿದ ಆ ಗುಂಡಿಗೆ ಸುರಿಯುವಳು.

"ಕರೆಂಟಿಗೆ ನೀರಡಿಕಿ ಆಗೇತ್ರಿ ಮಾಸ್ತರ," ಎನ್ನುವಳು. "ಮನಿಶ್ಯಾಗ ಆಗೂದಿಲ್ಲೇನು?"

ಬೇಕಾದಾಗ ಗುಂಡಿಯ ಕಡೆ ತಿರುಗಿಸಿಕೊಳ್ಳಲು ಮೀಟರಿನ ಕೆಳಗೆ ಒಂದು ಚೇಂಜ್‌ಓವರ್ ಸ್ವಿಚ್ಚನ್ನು ನಾನೇ ಕೂಡಿಸಿದ್ದೆ. ಆಯಿ ಅದನ್ನು ಓಣಿಯವರಿಗೆಲ್ಲ ಕರೆದು ತೋರಿಸಿದ್ದಳು. ನನಗೂ ಹೆಮ್ಮೆಯೇ ಆಗಿತ್ತು.

"ಗುಂಡಿಗೆ ಹೋಗೋ ತಂತಿನ ನಮ್ಮ ಸಾಕೆಟ್ಟಿನ ಮೂರನೇ ತೂತಿಗೂ ಬಂದೈತ್ರಿ," ಎಂದಿದ್ದಳು ಹೆಂಡತಿ. "ಕಂಪ್ಯೂಟರಿನ ಕ್ಯಾಬಿನೆಟ್ ಪೂರಾ ತಗಡು. ಗುಂಡಿ ಒಣಗಿದ ದಿನ ಕರೆಂಟು ಎಲ್ಲಿ ಹೋಗಬೇಕು? ಮಷೀನಿಗೆ ಬ್ಯಾರೆ ಗುಂಡಿ ತೋಡಸ್ರಿ. ನಿಮಗ ನಾ ಹೇಳಬೇಕೇನು?"

"ಆತು, ತೋಡ್ಸೂಣ," ಎಂದೆ.

ಸಾಮಾನು ತರಲು ಇಬ್ಬರೂ ಹೋಗಬೇಕಿತ್ತು. ಅವಳ ಕೇಂದ್ರದಲ್ಲಿ ಪರೀಕ್ಷೆ ಇದ್ದುದರಿಂದ ನಾನೊಬ್ಬನೇ ಹೋದೆ. ಅಂಗಡಿಯವ ಅವಳ ಊರಿನವನೇ.

"ಅಕ್ಕಾರು ಬರಲಿಲ್ಲೇನ್ರಿ? ಪುಣ್ಯಾ ಬಂತು. ಅವರು ಬಂದು ಚೌಕಾಸಿ ಮಾಡಿದ್ರ ನಾ ಇವತ್ತ ಉಪಾಸ," ಎಂದು ನಕ್ಕ. ಪಟ್ಟಿಯಂತೆ ಒಂದೊಂದೇ ಡಬ್ಬಿ ಇಳಿಸಿದ. ಅವಳು ಆರಿಸಿದ ಕಾರ್ಡನ್ನು ಮುಂದಿಟ್ಟು, ಅದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟ. ನಾನು ಚಳಿಗಾಲವೆಲ್ಲ ಕನಸು ಕಂಡದ್ದು ಅದೇ. ಎರಡು ಫ್ಯಾನಿನದು.

"ಇದ ಒಯ್ರಿ ಸರ್ರ. ಮೂರು ವರ್ಷ ತಿರುಗಿ ನೋಡೂದ ಬ್ಯಾಡ."

ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಒಂದು ಗುಂಡಿಯ ಖರ್ಚು. ಗಡಿಯಾರ ನೋಡಿದೆ. ಸಾಲು ಹೊಡೆದೆ.

"ಅರ್ತಿಂಗಿಗೆ ನಮ್ಮ ವೈರ್‌ಮನ್‌ಗ ಹೇಳಬೇಕೇನ್ರಿ? ಪಟ್ಟಿಯೊಳಗ ಐತಲ್ಲ," ಎಂದ.

"ಬ್ಯಾಡ. ಅಲ್ಲೇ ಕುಷ್ಟಗ್ಯಾಗ ಮಾಡಸ್ತೀವಿ."

ಮನೆಯಲ್ಲಿ ಹೆಂಡತಿ ಎಲ್ಲ ಬಿಟ್ಟು ಮೊದಲು ಕಾರ್ಡಿನ ಡಬ್ಬಿಯನ್ನೇ ತೆಗೆದಳು. ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಳು.

"ಇದು ನಾ ಬರೆದದ್ದಲ್ಲಲ್ಲ?"

"ಅದು ಸ್ಟಾಕ್ ಇರಲಿಲ್ಲ. ಅದ ರೇಟಿಗೆ ಇದನ್ನ ಕೊಟ್ಟ."

"ವೈರ್‌ಮನ್?"

"ಯುಗಾದಿ ಆದಮ್ಯಾಲ ಬರ್ತಾನಂತ."

ಮೂರು ವಾಕ್ಯ, ಮೂರು ಸುಳ್ಳು. ಅವಳು ಇನ್ನೇನೂ ಕೇಳಲಿಲ್ಲ. ಮರುದಿನ ನೆಲಕ್ಕೆ ಚಾದರ ಹಾಸಿ ಜೋಡಿಸಲು ಕೂತಳು. ಮೈಯಲ್ಲಿನ ಸ್ಥಾಯಿ ವಿದ್ಯುತ್ತು ಬಿಡಿಭಾಗಗಳಿಗೆ ತಾಗಬಾರದೆಂದು ಆಗಾಗ ಕಿಟಕಿಯ ಸರಳು ಮುಟ್ಟಿ ಬರುವಳು. ಅಷ್ಟು ಜೋಪಾನ. ನಾನು ಸ್ಕ್ರೂಗಳನ್ನು ಎಣಿಸಿ ಎಣಿಸಿ ಕೊಡುತ್ತಿದ್ದೆ. ಸಂಜೆ ಪರದೆ ಬೆಳಗಿ, ಕಾರು ಓಡಿ, ರಸ್ತೆಯ ಮೇಲೆ ಬಿದ್ದ ಮಳೆನೀರು ಕೂಡ ಹೊಳೆದಾಗ ಆಯಿ ಬಾಗಿಲಲ್ಲಿ ನಿಂತು ನೋಡಿದಳು.

"ಇಷ್ಟ ಖರ್ಚ ಮಾಡಿ ಕಾರ ತಂದೀರಿ, ತಾವರಗೇರಾಕ್ಕ ಹೋಗಾಕ ಮತ್ತ ಬಸ್ಸ ಹತ್ತಬೇಕು ನಾ," ಎಂದಳು.

ಯುಗಾದಿ ಬಂದು ಹೋಯಿತು. ಹೆಂಡತಿ ವೈರ್‌ಮನ್ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಯಿ ತಾವರಗೇರಾಕ್ಕೆ ತಮ್ಮನ ಮೊಮ್ಮಗಳ ಮದುವೆಗೆ ಹೋದದ್ದು ಬಿಸಿಲು ಉರಿಯುವ ದಿನಗಳಲ್ಲಿ. ಹೋಗುವಾಗ, "ಗುಂಡಿಗೆ ದಿನಾ ಒಂದು ಕೊಡ ಮರೀಬ್ಯಾಡ್ರಿ ಮಾಸ್ತರ," ಎಂದು ಹೇಳಿದ್ದಳು. ನಲ್ಲಿಗೆ ನೀರು ಬರುವುದೇ ಅಪರೂಪವಾಗಿತ್ತು. ನೆಲಕ್ಕೆ ಸುರಿಯಲು ಮನಸ್ಸಾಗಲಿಲ್ಲ. ಒಂದು ದಿನ ಬಿಟ್ಟೆ, ಆಮೇಲೆ ಮರೆತೆ. ಐದನೇ ದಿನ ಸೋಮವಾರ.

ಮೂರು ಗಂಟೆಯ ಸುಮಾರು. ಅವಳಿಗೆ ರಜೆ, ನನ್ನದು ಬೆಳಗಿನ ಶಾಲೆ. ಫ್ಯಾನು ನಿಧಾನವಾಗಿತ್ತೆಂದು ಎದ್ದು ಹೋಗಿ ಸ್ವಿಚ್ಚನ್ನು ಗುಂಡಿಯ ಕಡೆ ತಿರುಗಿಸಿದೆ. ಫ್ಯಾನು ಇನ್ನೂ ನಿಧಾನವಾಯಿತು. ಗುಂಡಿ ಒಣಗಿದೆ ಎಂದು ಆ ಫ್ಯಾನು ನನಗೆ ಹೇಳುತ್ತಲೇ ಇತ್ತು. ನಾನು ಲೈನಿನ ವೋಲ್ಟೇಜೇ ಬಿದ್ದಿದೆ ಎಂದುಕೊಂಡು ಅಂಗಿಗೆ ಇಸ್ತ್ರಿ ಹಾಕಲು ನಿಂತೆ. ಅವಳು ಆಗಷ್ಟೇ ನೆಲ ಒರೆಸಿದ್ದಳು. ಬಂಡೆಗಲ್ಲಿನ ನೆಲ ಇನ್ನೂ ಹಸಿ. ಬರಿಗಾಲಲ್ಲಿ ಹೋಗಿ, ಹೆಡ್‌ಫೋನಿನ ಪಿನ್ನು ಸಿಕ್ಕಿಸಲು ಕ್ಯಾಬಿನೆಟ್ಟಿನ ಹಿಂದೆ ಕೈ ಹಾಕಿದಳು.

ಅವಳು ಕೂಗಲಿಲ್ಲ. ಗಂಟಲಲ್ಲಿ ಒಂದು ಸಣ್ಣ ಸದ್ದು, ಅಷ್ಟೆ. ಬಗ್ಗಿದವಳು ಬಗ್ಗಿಯೇ ಇದ್ದಳು. "ಏನ ಹುಡುಕಾಕತ್ತಿ?" ಎಂದು ಕೇಳಿದೆ. ಮೊಣಕೈ ನಡುಗುವುದು ಕಂಡಿತು.

ಓಡಿಹೋಗಿ ಸಾಕೆಟ್ಟಿನ ಸ್ವಿಚ್ಚು ಆರಿಸಿದೆ. ಕೆಂಪು ದೀಪ ಆರಿತು. ಅವಳ ಕೈ ಬಿಡಲಿಲ್ಲ. ಈ ಗಳಿಗೆ ನನ್ನಲ್ಲಿ ಇನ್ನೂ ಮುಗಿದಿಲ್ಲ. ಸ್ವಿಚ್ಚು ಆರಿದ ಮೇಲೂ ಬಿಡದ ಕರೆಂಟು ಎಲ್ಲಿಂದ ಬಂತು ಎಂದು ನಾನು ನಿಂತು ಯೋಚಿಸಿದೆ. ನಿಜವಾಗಿಯೂ ನಿಂತೆ. ಆಮೇಲೆ ಬರಿಗೈಯಲ್ಲಿ ಅವಳ ಭುಜ ಹಿಡಿದೆಳೆದೆ. ಹಾಗೆ ಮಾಡಬಾರದೆಂದು ವರ್ಷವರ್ಷವೂ ಮಕ್ಕಳಿಗೆ ಕಲಿಸಿದವನು. ಯಾರೋ ಒದ್ದಂತಾಗಿ ಮಂಚದ ಕಾಲಿಗೆ ಹೋಗಿ ಬಿದ್ದೆ. ಬಿದ್ದಲ್ಲಿಂದ ಪ್ಲಗ್ಗು ಕಂಡಿತು, ಅದರ ಮೂರನೇ, ದಪ್ಪ ಪಿನ್ನು ನೆನಪಾಯಿತು. ಕರೆಂಟು ಬರುತ್ತಿದ್ದುದು ಸ್ವಿಚ್ಚಿನಿಂದಲ್ಲ. ಫ್ಯಾನು, ಇಸ್ತ್ರಿಗಳನ್ನು ದಾಟಿದ ಕರೆಂಟು ಒಣಗಿದ ಗುಂಡಿಯಲ್ಲಿ ಇಳಿಯಲಾರದೆ, ಜೀವ ಕಾಯಬೇಕಾದ ಆ ಹಸಿರು ತಂತಿಯಲ್ಲೇ ಹಿಂದಕ್ಕೆ ಬಂದು ತಗಡಿಗೆ ಏರಿತ್ತು. ವೈರು ಹಿಡಿದು ಜಗ್ಗಿದೆ. ಪ್ಲಗ್ಗು ಕಿತ್ತು ಬಂತು. ಅವಳು ಹಸಿ ನೆಲದ ಮೇಲೆ ಕುಸಿದಳು.

ಕುಷ್ಟಗಿಯ ಆಸ್ಪತ್ರೆಯಿಂದ ಕೊಪ್ಪಳಕ್ಕೆ ಕಳಿಸಿದರು. ಎದೆಗೆ ತಂತಿಗಳನ್ನು ಅಂಟಿಸಿ ಎರಡು ದಿನ ಇಟ್ಟುಕೊಂಡರು. ಎದೆಯ ಬಡಿತ ಸರಿಯಿದೆ ಎಂದರು. ಬಲಗೈಯ ಎರಡು ಬೆರಳ ತುದಿಯಲ್ಲಿ ಬಿಳಿ ಸುಟ್ಟ ಕಲೆ ಉಳಿಯಿತು, ಸ್ಪರ್ಶ ಹೋಯಿತು. ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಕೀಬೋರ್ಡಿನ ಮೇಲೆ ಓಡಿಯೇ ಸಂಬಳ ತರುತ್ತಿದ್ದ ಬೆರಳುಗಳು ಅವು.

ಮನೆಗೆ ಬಂದ ದಿನವೇ ಚೇಂಜ್‌ಓವರ್ ಕಿತ್ತುಹಾಕಿದೆ. ವೈರ್‌ಮನ್ ಬಂದ, ಹೊಸ ಗುಂಡಿ ತೋಡಿದ, ಬಲ್ಬು ಹಿಡಿದು ಪರೀಕ್ಷೆ ಮಾಡಿ ತೋರಿಸಿದ. ಅರ್ಧ ದಿನದ ಕೆಲಸ. ಆದರೂ ನಿದ್ದೆ ಬರಲಿಲ್ಲ. ಫ್ರಿಜ್ಜು ಗುಂಯ್ ಎಂದರೆ ಅವಳು ಎಚ್ಚರಾಗಿ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುವಳು. ನಾನು ಎದ್ದು ಮೇನ್ ಸ್ವಿಚ್ಚು ನೋಡಿ ಬರುವೆ. ಕ್ಯಾಬಿನೆಟ್ಟಿನ ಮೇಲೆ ಟವೆಲ್ಲು ಹೊದಿಸಿಟ್ಟಿದ್ದೆವು.

ಇದಕ್ಕಿಂತ ಕೆಟ್ಟದ್ದು ಆಯಿಯ ಸ್ಥಿತಿ. ಮದುವೆಯಿಂದ ಬಂದವಳಿಗೆ ಯಾರು ಹೇಳಿದರೋ, ಗುಂಡಿ ಒಣಗಿ ಹೀಗಾಯಿತೆಂದು ಗೊತ್ತಾಗಿತ್ತು. "ನಾ ಹೋಗಬಾರದಿತ್ತು. ನನ್ನ ಕೊಡ ತಪ್ಪಿತು," ಎಂದು ಹೋದವರು ಬಂದವರ ಮುಂದೆಲ್ಲ ಹೇಳಿಕೊಂಡಳು. ನಾನು ಅಲ್ಲ ಎನ್ನಲಿಲ್ಲ. ಮೂರು ವಾರ ಒಬ್ಬ ಮುದುಕಿಯ ಮೇಲೆ ನನ್ನ ತಪ್ಪನ್ನು ಹಾಗೆಯೇ ಬಿಟ್ಟೆ. ಆಕೆ ದಿನಾ ಬೆಳಿಗ್ಗೆ ಬಿಸಿ ರೊಟ್ಟಿ, ಪಲ್ಯ ತಂದಿಡುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ರೊಟ್ಟಿ ಇಟ್ಟವಳು ಹೆಂಡತಿಯ ಬೆರಳುಗಳನ್ನು ಹಿಡಿದು ಕೂತಳು. "ಹೊಳ್ಳಿ ಜೀವ ಬಂತೇನವ್ವಾ ಇವಕ್ಕ? ಎಪ್ಪತ್ತು ದಾಟೀನಿ, ಒಂದು ಮದವಿ ಬಿಟ್ರ ಏನಾಗ್ತಿತ್ತು ನನಗ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಯಿ, ತಪ್ಪು ನಿಮ್ಮದಲ್ಲ," ಎಂದೆ. ಮಾತು ತಾನಾಗಿ ಬಂತು. "ಬ್ಯಾರೆ ಗುಂಡಿ ತೋಡಸ್ಬೇಕಂತ ಈಕಿ ಬರದಿದ್ಲು. ಆ ರೊಕ್ಕದಾಗ ನಾ ದೊಡ್ಡ ಕಾರ್ಡ್ ತಂದೆ. ನೀವು ಹೇಳಿ ಹೋದ ನೀರನ್ನೂ ಹಾಕಲಿಲ್ಲ."

"ಕಾರ್ಡ್ ಅಂದ್ರ?"

"ಆ ಕಾರಿನ ಆಟ ಛಂದ ಕಾಣಾಕ."

ಆಯಿ ಹೆಂಡತಿಯ ಬೆರಳುಗಳನ್ನು ಬಿಟ್ಟು ಎದ್ದಳು. ಬೈದಿದ್ದರೆ ಒಳ್ಳೆಯದಿತ್ತು. "ಓದಿದವರು ನೀವು," ಎಂದಷ್ಟೇ ಹೇಳಿ, ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು.

ಹೆಂಡತಿ ಎದ್ದು ಮದರ್‌ಬೋರ್ಡಿನ ಡಬ್ಬಿಯಿಂದ ಮಡಚಿದ ಕಾಗದವೊಂದನ್ನು ತಂದು ನನ್ನ ಮುಂದೆ ಇಟ್ಟಳು. ಒಂದು ಬದಿಗೆ ನನ್ನ ಎಂಟನೇ ತರಗತಿಯ ಪ್ರಶ್ನೆಗಳು, ಇನ್ನೊಂದು ಬದಿಗೆ ಅವಳ ಪಟ್ಟಿ, ಕೊನೆಯ ಸಾಲಿನ ಮೇಲೆ ನನ್ನ ಗೀಟು.

"ಬಿಲ್ಲಿನ ಜೋಡಿ ಬಂದಿತ್ತು," ಎಂದಳು. "ಮಷೀನ್ ಜೋಡಿಸೂಕ್ಕಿಂತ ಮೊದಲ ನೋಡೀನಿ."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ಕಾರ್ಡ್ ಹೊಳ್ಳಿ ಕೊಡಬೇಕಾಗ್ತಿತ್ತಲ್ರಿ." ಪಟ್ಟಿಯನ್ನು ಮತ್ತೆ ಮಡಚಿ, "ನನಗೂ ಅದ ಬೇಕಾಗಿತ್ತು. ಬ್ಯಾಸಗಿ ಒಂದು ಹೆಂಗರ ದಾಟಿದ್ರ ಸಾಕು ಅಂದ್ಕೊಂಡಿದ್ದೆ," ಎಂದಳು.

ನಾನು ಅತ್ತೆ. ಅವಳು ಅಳಲಿಲ್ಲ. ನನ್ನನ್ನು ಕ್ಷಮಿಸಿದಳು ಎಂದು ಹೇಳಲಾರೆ, ಅದನ್ನು ಇಬ್ಬರೂ ಮಾತಾಡಿಲ್ಲ. ಮಧ್ಯಾಹ್ನ ಅವಳೇ ಹೋಗಿ ಆಯಿಯನ್ನು ಊಟಕ್ಕೆ ಕರೆತಂದಳು. ಆಯಿ ನನ್ನ ಜೊತೆ ಮಾತಾಡದೆ ಊಟ ಮಾಡಿ, ಹೋಗುವಾಗ ಮಜ್ಜಿಗೆ ಹುಳಿಯಾಗಿತ್ತು ಎಂದು ನನಗೇ ಕೇಳುವಂತೆ ಹೇಳಿದಳು.

ಸಂಜೆ ಹೆಂಡತಿ ಟವೆಲ್ಲು ತೆಗೆದಳು. ಚಪ್ಪಲಿ ಹಾಕಿಕೊಂಡು ನಿಂತು, ಎಡಗೈಯ ಹಿಂಬದಿಯನ್ನು ಕ್ಯಾಬಿನೆಟ್ಟಿಗೆ ಸೋಕಿಸಿದಳು. ಏನೂ ಆಗಲಿಲ್ಲ. ಒಂದೇ ಒಂದು ರೇಸು ಆಡಿದಳು. ಬೆರಳಿಗೆ ಕೀ ಗೊತ್ತಾಗದೆ ಕಾರನ್ನು ಮೂರು ಸಲ ಗೋಡೆಗೆ ಬಡಿಸಿ ಕೊನೆಯವಳಾಗಿ ಬಂದಳು. ಮಷೀನು ಆರಿಸಿ, "ನಾಳೆ," ಎಂದಳು.

ಅಂದು ರಾತ್ರಿ ನಮಗೆ ನಿದ್ದೆ ಬಂತು. ಫ್ರಿಜ್ಜು ಎಷ್ಟು ಸಲ ಗುಂಯ್ ಎಂದಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಮಂಚದ ಕಾಲಿಗೆ ಬಂದಿತ್ತು, ಹಾಲಿನವನು ಬಾಗಿಲು ಬಡಿದು ಬಡಿದು ಹೋಗಿದ್ದ. ಹಿತ್ತಲಿನಲ್ಲಿ ಆಯಿ ಕೊಡದಿಂದ ನೀರು ಸುರಿಯುವ ಸದ್ದು ಕೇಳಿತು. ಹೆಂಡತಿಯ ಕೈ ಕಂಕುಳಿನಿಂದ ಹೊರಗೆ, ಚಾದರದ ಮೇಲೆ ಬಿಡಿಯಾಗಿ ಬಿದ್ದುಕೊಂಡಿತ್ತು.