ಶ್ರದ್ಧಾಂಜಲಿ ಬ್ಯಾನರಿನ ಮುಖಗಳು

ರಾಯಬಾಗದಲ್ಲಿ ನನ್ನ ಫ್ಲೆಕ್ಸ್ ಅಂಗಡಿ ಇದ್ದ ಕಾಲ. ಹಗರಣವೊಂದರಲ್ಲಿ ಸಿಕ್ಕಿಬಿದ್ದಿದ್ದ ನಮ್ಮ ಭಾಗದ ಮುಖಂಡರು, ವಿಚಾರಣೆಗೆ ಹೋಗಬೇಕಿದ್ದ ದಿನವೇ ಬೆಳಿಗ್ಗೆ ತೀರಿಕೊಂಡರು. ಡಾಕ್ಟರು ಹೃದಯಾಘಾತ ಎಂದರು. ಚಹಾದಂಗಡಿಯವರು ಒಪ್ಪಲಿಲ್ಲ.

ಮಧ್ಯಾಹ್ನ ಅವರ ಬಲಗೈ ಬಂಟ, ಅಲಖನೂರಿನ ಅಪ್ಪಾಸಾಬ, ಶ್ರದ್ಧಾಂಜಲಿ ಬ್ಯಾನರ್ ಮಾಡಿಸಲು ಬಂದ. ನಮ್ಮಲ್ಲಿ ಬ್ಯಾನರ್ ಎಂದರೆ ಮೇಲೆ ಸಾಹೇಬರು, ಕೆಳಗೆ ಸಾಲಾಗಿ ಅಭಿಮಾನಿಗಳ ಮುಖಗಳು. ಹಗರಣ ಹೊರಬಿದ್ದ ವಾರ ಇದೇ ಅಪ್ಪಾಸಾಬ ಸಾಹೇಬರ ಹುಟ್ಟುಹಬ್ಬದ ಬ್ಯಾನರಿನಿಂದ ತನ್ನ ಮುಖ ತೆಗೆಸಿದ್ದ.

“ಈ ಸಲ ನಿಮ್ಮ ಫೋಟೊ ಹಾಕ್ಲೇನ್ರಿ?” ಎಂದೆ.

“ದೊಡ್ಡದ ಹಾಕ್ರಿ. ಯಾರ ಫೋಟೊ ಇರೂದಿಲ್ಲೋ ಅವ್ರ ಏನೋ ಮಾಡ್ಯಾರ ಅಂತ ಮಂದಿ ಮಾತಾಡಾಕತ್ತಾರ.”

ಸುದ್ದಿ ಹಬ್ಬಿತು. ಸಂಜೆಯೊಳಗೆ ಅಭಿಮಾನಿಗಳು ತಮ್ಮ ಫೋಟೊ ಹಿಡಿದು ಅಂಗಡಿ ಮುಂದೆ ಪಾಳಿ ಹಚ್ಚಿ ನಿಂತರು. ಎಲ್ಲರಿಗೂ ಜಾಗ ಮಾಡಿಕೊಡುತ್ತ ಹೋದಂತೆ ಸಾಹೇಬರು ಪಾಸ್‌ಪೋರ್ಟ್ ಸೈಜಿಗೆ ಇಳಿದರು.

ಮರುದಿನ ಬಸ್ ಸ್ಟ್ಯಾಂಡಿನ ಎದುರು ಬ್ಯಾನರ್ ಕಟ್ಟಿದೆವು. ಪೊಲೀಸನೊಬ್ಬ ಗಾಡಿ ನಿಲ್ಲಿಸಿ, ಮೊಬೈಲಿನಲ್ಲಿ ಅದರ ಫೋಟೊ ಹೊಡೆದುಕೊಂಡು ಹೋದ. ಹತ್ತೇ ನಿಮಿಷಕ್ಕೆ ಅಪ್ಪಾಸಾಬನ ಫೋನು.

“ಅದನ್ನ ಇಳಿಸಿ ಬ್ಯಾರೇದ ಕಟ್ರಿ. ನನ್ನ ಮಾರಿ ಬ್ಯಾಡ. ಸಾಹೇಬ್ರಿಗೂ ನನಗೂ ಅಷ್ಟೇನ ಬಳಕಿ ಇರ್ಲಿಲ್ರಿ.”

ಆಮೇಲೆ ಫೋನು ಮಾಡಿದವರೆಲ್ಲರದೂ ಅದೇ ಮಾತು.

ಎರಡನೇ ಬ್ಯಾನರಿನಲ್ಲಿ ಸಾಹೇಬರು ಒಬ್ಬರೇ ನಗುತ್ತಿದ್ದರು. ಅವರ ಕೆಳಗೆ ಮೈದಾನದಂಥ ಖಾಲಿ ಜಾಗ, ಅದರ ಕೆಳಗೆ ‘ದುಃಖತಪ್ತ ಅಭಿಮಾನಿ ಬಳಗ’ ಎಂಬ ಸಾಲು. ಮೂಲೆಯಲ್ಲಿ ಯಾವಾಗಲೂ ಹಾಕುತ್ತಿದ್ದ ನನ್ನ ಅಂಗಡಿಯ ಹೆಸರನ್ನು ಮಾತ್ರ, ಜಾಗ ಸಾಲದೆಂದು, ನಾನೇ ಅಳಿಸಿದೆ.